ಏಳು ಬಂದೂಕುಗಳಲ್ಲಿ ಕೈಗೆ ಬರುವುದು ಎರಡೇ: ನಿಮಗೂ ಹೀಗೆ ಆಗಿದೆಯೇ?

ಕೇಳಿದವರು: ಏಳರ ಯಜಮಾನ

ಕಳೆದ ಭಾನುವಾರ ಬೀರುವಿನ ಬೀಗ ತೆಗೆದು ಬಂದೂಕುಗಳನ್ನೆಲ್ಲ ಶುಚಿ ಮಾಡುತ್ತ ಕುಳಿತಿದ್ದೆ. ಒಟ್ಟು ಏಳು. ಐದರ ನಳಿಕೆಗೆ ತೂರಿಸಿದ ಬಟ್ಟೆಚೂರು ಹೋದ ಹಾಗೆಯೇ ಹೊರಗೆ ಬಂತು. ಹಿಂದಿನ ಸಲ ಸವರಿದ ಎಣ್ಣೆ ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ. ಮಸಿ ಹತ್ತಿದ್ದು ಎರಡರಲ್ಲಿ ಮಾತ್ರ. ಒಂದು .22, ಇನ್ನೊಂದು .243 (ಅಂಕಿ ಎಂದರೆ ಸುಮಾರಾಗಿ ಗುಂಡಿನ ಅಗಲ, ಇಂಚಿನಲ್ಲಿ). ಒಂದು ಕಾಲದಲ್ಲಿ ಇವೆರಡನ್ನೂ ‘ಮಕ್ಕಳ ಸಾಮಾನು’ ಎಂದು ನಗುತ್ತಿದ್ದವನು ನಾನೇ.

ನನಗೀಗ 51. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಎಲ್ಲರೂ ಹೇಳುವಂತೆ .22ರಿಂದಲೇ ಶುರು ಮಾಡಿದೆ. ಅದರ ತೋಟಾ 1887ರಷ್ಟು ಹಳೆಯದು, ಗುಂಡಿನ ತೂಕ ಎರಡೂವರೆ ಗ್ರಾಂನ ಆಸುಪಾಸು. ಹೊಡೆದರೆ ಭುಜಕ್ಕೆ ಗೊತ್ತೇ ಆಗುವುದಿಲ್ಲ. ಆ ವಯಸ್ಸಿಗೆ ಅದೇ ದೊಡ್ಡ ದೋಷವಾಗಿ ಕಂಡಿತು. ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದ ಎನ್ನುವಂತೆ, 29ಕ್ಕೆ ನೇರವಾಗಿ .300 ವಿಂಚೆಸ್ಟರ್ ಮ್ಯಾಗ್ನಮ್‌ಗೆ ಹಾರಿದೆ. ಅದು 1963ರಲ್ಲಿ ಬಂದ ತೋಟಾ. ದೂರದಲ್ಲಿ ನಿಂತ ದೊಡ್ಡ ಜಿಂಕೆ ಜಾತಿಯ ಪ್ರಾಣಿಗಳ ಬೇಟೆಗೆ ಹೇಳಿಮಾಡಿಸಿದ್ದು. ನಾನು ಅದರಿಂದ ಮಾಡಿದ್ದು ನೂರು ಮೀಟರ್ ದೂರದ ಕಾಗದಕ್ಕೆ ತೂತು ಹಾಕುವ ಕೆಲಸ. ಮೊದಲ ದಿನ ಮೂರನೆಯ ಗುಂಡಿಗೆ ಸ್ಕೋಪ್, ಅಂದರೆ ಬಂದೂಕಿನ ಮೇಲಿನ ಗುರಿಯ ದುರ್ಬೀನು, ಹಿಂದಕ್ಕೆ ಬಂದು ಹುಬ್ಬಿನ ಮೇಲೆ ಅರ್ಧಚಂದ್ರ ಕೆತ್ತಿತು. ಆ ಗುರುತು ಈಗಲೂ ಇದೆ. ನಾಲ್ಕಾರು ವರ್ಷ ಅದನ್ನು ಪದಕದ ಹಾಗೆ ತೋರಿಸಿಕೊಂಡು ತಿರುಗಿದ್ದೂ ಉಂಟು.

ಅಲ್ಲಿಂದ ಮುಂದೆ ನನ್ನ ಗುರಿ ಹದಗೆಡುತ್ತ ಹೋಯಿತು. ಟ್ರಿಗರ್ ಬದಲಾಯಿಸಿದೆ. ಹಿಡಿಯ ಹಿಂದಿನ ರಬ್ಬರ್ ಬದಲಾಯಿಸಿದೆ. ಸ್ಕೋಪ್ ಎರಡು ಸಲ ಬದಲಾಯಿಸಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ನೆಲವನ್ನೇ ಕಿತ್ತು ಹೊಸದು ಹಾಸಿಸಿದೆ. ಕೊನೆಗೆ ಒಬ್ಬ ಗೆಳೆಯ ಒಂದು ಉಪಾಯ ಮಾಡಿದ. ತೋಟಾ ತುಂಬುವ ಕೆಲಸ ತನ್ನದೆಂದು ಹೇಳಿ, ನನಗೆ ತಿಳಿಸದೆ ನಡುನಡುವೆ ಮದ್ದಿಲ್ಲದ ಡಮ್ಮಿ ತೋಟಾ ಇಟ್ಟುಕೊಟ್ಟ. ಟ್ರಿಗರ್ ಎಳೆದೆ. ಕ್ಲಿಕ್ ಎಂದಿತು. ಗುಂಡು ಹಾರಲಿಲ್ಲ, ಆದರೆ ನಳಿಕೆಯ ತುದಿ ನಾಲ್ಕು ಬೆರಳು ಕೆಳಕ್ಕೆ ಕುಸಿಯಿತು, ನನ್ನ ಕಣ್ಣು ಮುಚ್ಚಿತ್ತು. ಬಂದೂಕು ಒದೆಯುವ ಮೊದಲೇ ನಾನು ಒದೆಸಿಕೊಳ್ಳಲು ಸಿದ್ಧನಾಗುತ್ತಿದ್ದೆ. ಒಂಬತ್ತು ವರ್ಷ ಇದನ್ನೇ ಅಭ್ಯಾಸ ಮಾಡಿದ್ದೆ ಎಂದು ಅಂದು ಗೊತ್ತಾಯಿತು.

.243 ಬಂದದ್ದು ಆಮೇಲೆ, ‘ಮಗಳಿಗೆ’ ಎಂಬ ನೆಪದಲ್ಲಿ. ಮಗಳು ಎರಡು ಗುಂಡು ಹೊಡೆದು, ಕಿವಿಕವಚ ತೆಗೆದು ಮೇಜಿನ ಮೇಲಿಟ್ಟು, ಪುಸ್ತಕ ಹಿಡಿದು ಕಾರಿನಲ್ಲಿ ಕುಳಿತಳು. ಬಂದೂಕು ನನ್ನದಾಯಿತು. ಒಂದೇ ತೂಕದ ರೈಫಲ್‌ನಲ್ಲಿ .300ರ ಒದೆತ ಇದರ ಎರಡು ಪಟ್ಟಿಗೂ ಹೆಚ್ಚು. ಇದನ್ನು ನಾನು ಲೆಕ್ಕ ಹಾಕಿ ತಿಳಿದದ್ದಲ್ಲ, ಭುಜ ಹೇಳಿದ್ದು.

ಇನ್ನೊಂದು ಬದಲಾವಣೆಯೂ ಇದೆ. ಮೊದಲೆಲ್ಲ ಮನೆಗೆ ಯಾರೇ ಬಂದರೂ ನೀರು ಕೊಡುವ ಮೊದಲು ಬಂದೂಕು ತೋರಿಸುತ್ತಿದ್ದೆ. ಬೈಠಕ್‌ಖಾನೆಯ ಗೋಡೆಗೆ ಎರಡು ತೂಗುಹಾಕಿದ್ದೆ. ಈಗ ಹತ್ತು ವರ್ಷದ ಪರಿಚಯದವರಿಗೂ ನನ್ನ ಬಳಿ ಬಂದೂಕು ಇದೆಯೆಂದು ಗೊತ್ತಿಲ್ಲ. ಇದು ಪಕ್ವತೆಯೋ, ಬರೀ ಮುಪ್ಪೋ? ಆ .300 ಅನ್ನು ಮಾರಿಬಿಡಲೇ?

ಉತ್ತರ: ಎಡಗಿವಿ

ಮುಪ್ಪು. ಅದಕ್ಕೆ ಪಕ್ವತೆ ಎಂಬ ಅಂದದ ಹೆಸರು ಕೊಡಬೇಡಿ. ನನಗೆ 67, ಅನುಭವದಿಂದ ಹೇಳುತ್ತಿದ್ದೇನೆ.

ನನ್ನ ಹೆಸರೇ ನನ್ನ ಚರಿತ್ರೆ. ಬಲಭುಜಕ್ಕೆ ಬಂದೂಕು ಹಚ್ಚಿ ಹೊಡೆಯುವವನ ಎಡಗಿವಿ ನಳಿಕೆಯ ಬಾಯಿಗೆ ಹತ್ತಿರ. ಬಲಗಿವಿಗೆ ತಲೆಯ ಮರೆ ಸಿಗುತ್ತದೆ. ಹಾಗಾಗಿ ಮೊದಲು ಹೋಗುವುದು ಎಡಗಿವಿ. ರೈಫಲ್ ಸದ್ದು 140 ಡೆಸಿಬಲ್ ಮೀರುತ್ತದೆ, ದೊಡ್ಡ ತೋಟಾಗಳು 160ನ್ನೂ ದಾಟುತ್ತವೆ. ನಮ್ಮ ಕಾಲದಲ್ಲಿ ಕಿವಿಗೆ ಹತ್ತಿ ತುರುಕಿಕೊಂಡವನನ್ನೇ ಪುಕ್ಕಲ ಎನ್ನುತ್ತಿದ್ದರು. ನನಗೀಗ ಮಾತು ಕೇಳಿಸುತ್ತದೆ, ಮಾತಿನೊಳಗಿನ ‘ಸ’ ಅಕ್ಷರ ಕೇಳಿಸುವುದಿಲ್ಲ. ರಾತ್ರಿ ಎಲ್ಲ ಸದ್ದು ಅಡಗಿದ ಮೇಲೆ ಎಡಗಡೆ ಒಂದು ಜೀರುಂಡೆ ಕೂಗುತ್ತಲೇ ಇರುತ್ತದೆ. ಹೊರಗೆ ಜೀರುಂಡೆ ಇಲ್ಲ. ನಿಮ್ಮ .22ಕ್ಕೂ ಕವಚ ಹಾಕಿಕೊಳ್ಳಿ, ಸಣ್ಣದೆಂದು ಸದರ ಬೇಡ.

ಎರಡನೆಯದು ಕಣ್ಣು. ಬಂದೂಕಿನ ಹಿಂದಿನ ಗುರಿಕಚ್ಚು, ನಳಿಕೆಯ ತುದಿಯ ಮಣಿ, ದೂರದ ಗುರಿ: ಮೂರನ್ನೂ ಒಟ್ಟಿಗೆ ಸ್ಪಷ್ಟವಾಗಿ ಕಾಣುವ ಕಣ್ಣು ಯಾರಿಗೂ ಇಲ್ಲ. ಮಣಿಯನ್ನು ನೋಡು, ಗುರಿ ಮಸುಕಾಗಲಿ ಎಂದು ಕಲಿಸುತ್ತಾರೆ. ನಲವತ್ತು ದಾಟಿದ ಮೇಲೆ ಆ ಮಣಿಯೇ ರೋಮ ಬೆಳೆದ ಹಾಗೆ ಕಾಣತೊಡಗುತ್ತದೆ. ನಾನು ಕಬ್ಬಿಣದ ಗುರಿಕಚ್ಚು ಬಿಟ್ಟರೆ ಬೇರೇನನ್ನೂ ಮುಟ್ಟುವುದಿಲ್ಲ ಎಂದು ಶಪಥ ಮಾಡಿದವನು. 52ಕ್ಕೆ ಸಣ್ಣ ಕಿಂಡಿಯ ಗುರಿಗೆ ಇಳಿದೆ, 58ಕ್ಕೆ ಕೆಂಪು ಚುಕ್ಕೆಯ ಗಾಜಿಗೆ. 1975ರಲ್ಲಿ ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿಯವರು ಅದನ್ನು ತಂದಾಗ ಆಟಿಕೆ ಎಂದುಕೊಂಡಿದ್ದವರಲ್ಲಿ ನನ್ನ ಗುರುಗಳೂ ಒಬ್ಬರು.

ಆದರೆ ಮುಪ್ಪೆಂದರೆ ಮುಗಿಯಿತು ಎಂದು ತಿಳಿಯಬೇಡಿ. ಅದೇ ಸ್ವೀಡನ್ನಿನ ಆಸ್ಕರ್ ಸ್ವಾನ್ ಓಡುವ ಜಿಂಕೆಯ ಆಕೃತಿಗೆ ಗುರಿಯಿಡುವ ಸ್ಪರ್ಧೆಯಲ್ಲಿ 1920ರ ಒಲಿಂಪಿಕ್ಸ್‌ನಲ್ಲಿ ತಂಡದೊಂದಿಗೆ ಬೆಳ್ಳಿ ಗೆದ್ದಾಗ ಅವರಿಗೆ 72. ಅವರ ಮೊದಲ ಚಿನ್ನ ಬಂದದ್ದೇ ಅರವತ್ತಕ್ಕೆ.

.300 ಮಾರಿ.

ಉತ್ತರ: ಮರ ಬೇಡದವನು

ನಿಮ್ಮ ಕಥೆ ಓದಿದರೆ ಎಲ್ಲರೂ ಕೊನೆಗೆ ಹಳೆಯದಕ್ಕೆ, ಚಿಕ್ಕದಕ್ಕೆ ಮರಳುತ್ತಾರೆ ಎನಿಸುತ್ತದೆ. ನಾನು ಒಪ್ಪುವುದಿಲ್ಲ. ನಾನು ಹೋದದ್ದು ಎದುರು ದಿಕ್ಕಿಗೆ.

ಇಪ್ಪತ್ತರಲ್ಲಿ ನನಗೆ ಆಕ್ರೋಟು ಮರದ ಹಿಡಿ, ನೀಲಿ ಹೊಳಪಿನ ಉಕ್ಕು ಇಲ್ಲದ್ದು ಬಂದೂಕೇ ಅಲ್ಲ. ರೇಷ್ಮೆ ಸೀರೆಯ ಹಾಗೆ ಅದನ್ನು ಒರೆಸಿ ಜೋಪಾನವಾಗಿ ಇಡುತ್ತಿದ್ದೆ. ಒಂದು ಮಳೆಗಾಲ ಅದನ್ನು ಹೊತ್ತು ಮೂರು ದಿನ ತೊಯ್ದೆ. ನಾಲ್ಕನೆಯ ದಿನ ಗುಂಡುಗಳೆಲ್ಲ ಎಡಕ್ಕೆ ಬೀಳತೊಡಗಿದವು. ನನ್ನ ಕೈಯನ್ನೇ ಬೈದುಕೊಂಡೆ. ಕಾರಣ ಕೈಯಲ್ಲ: ಮರ ನೀರು ಕುಡಿದು ಉಬ್ಬಿ ನಳಿಕೆಗೆ ಒತ್ತುತ್ತಿತ್ತು. ಒಣಗಿದ ಮೇಲೆ ಗುಂಡು ಮತ್ತೆ ನಡುವಿಗೆ ಬಂತು. ಹವಾಮಾನ ಕೇಳಿಕೊಂಡು ಗುರಿಯಿಡುವ ಬಂದೂಕು ನನಗೆ ಬೇಡವಾಯಿತು. ಈಗ ನನ್ನದು ಬೂದು ಬಣ್ಣದ ಪ್ಲಾಸ್ಟಿಕ್ ಹಿಡಿ, ತುಕ್ಕು ಹಿಡಿಯದ ಉಕ್ಕು. ನೋಡಲು ನೀರಿನ ಪೈಪಿನಂತಿದೆ. 1980ರ ದಶಕದಲ್ಲಿ ಪ್ಲಾಸ್ಟಿಕ್ ಮೈಯ ಗ್ಲಾಕ್ ಪಿಸ್ತೂಲು ಬಂದಾಗ ಮೂಗು ಮುರಿದವರ ಸೊಂಟದಲ್ಲಿ ಹತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಇತ್ತು.

ಅಭಿರುಚಿ ನಮ್ಮೊಳಗಿಂದಲೇ ಬದಲಾಗುತ್ತದೆ ಎನ್ನುವುದೂ ಪೂರ್ತಿ ನಿಜವಲ್ಲ, ಮಾರುವವರೂ ಬದಲಾಯಿಸುತ್ತಾರೆ. 2007ರಲ್ಲಿ 6.5 ಕ್ರೀಡ್‌ಮೂರ್ ಎಂಬ ತೋಟಾ ಬಂತು; ಒದೆತ ಕಡಿಮೆ, ಗುಂಡು ಉದ್ದ, ಗಾಳಿಗೆ ಜಗ್ಗುವುದಿಲ್ಲ ಎಂದು ಎಲ್ಲರೂ ಅದರ ಹಿಂದೆ ಬಿದ್ದರು. ಅದೇ ಗಾತ್ರದ ಗುಂಡು, ಅದೇ ಗುಣಗಳಿರುವ 6.5×55 ತೋಟಾ ಸ್ವೀಡನ್ ಸೈನ್ಯದ ಕೈಯಲ್ಲಿ 1890ರ ದಶಕದಿಂದಲೇ ಇತ್ತು. (ಸ್ವೀಡನ್ ಮತ್ತೆ ಮತ್ತೆ ಬರುತ್ತಿದೆ, ಕ್ಷಮಿಸಿ.)

.300 ಇಟ್ಟುಕೊಳ್ಳಿ. ತಪ್ಪು ಅದರದ್ದಲ್ಲ, ನೀವು ಅದಕ್ಕೆ ಕೊಟ್ಟ ಕೆಲಸದ್ದು.

ಮರುಮಾತು: ಏಳರ ಯಜಮಾನ

ಎಡಗಿವಿಯವರೇ, ನಿನ್ನೆ ರಾತ್ರಿ ದೀಪ ಆರಿಸಿ ಕಿವಿಗೊಟ್ಟು ಮಲಗಿದೆ. ಜೀರುಂಡೆ ಇದೆ. ಸಣ್ಣದು. ಇಷ್ಟು ದಿನ ಅದನ್ನು ಫ್ರಿಜ್ ಎಂದುಕೊಂಡಿದ್ದೆ.

ಮರ ಬೇಡದವರೇ, ಕೊನೆಯ ಸಾಲು ಚುಚ್ಚಿತು. ಪ್ಲಾಸ್ಟಿಕ್ ವಿಷಯದಲ್ಲಿ ಮಾತ್ರ ರಾಜಿಯಿಲ್ಲ.

ಉತ್ತರ: ಅಪ್ಪನ ಜೋಡುನಳಿಗೆ

ನೀವೆಲ್ಲ ಬಯಸಿ ಬಂದೂಕು ತಂದವರು. ನನಗೆ ಅದು ಅಪ್ಪ ಹೋದ ಮೇಲೆ ಕಾಗದಪತ್ರಗಳ ಜೊತೆ ಬಂತು. ಹನ್ನೆರಡು ಬೋರಿನ ಜೋಡುನಳಿಗೆ ಕೋವಿ. ಮೊದಲ ವರ್ಷ ಅದಿದ್ದ ಕೋಣೆಗೆ ಒಬ್ಬಳೇ ಹೋಗುತ್ತಿರಲಿಲ್ಲ. ಭಯ ಹೋಗಲಾಡಿಸಲು ಓದಲು ಶುರು ಮಾಡಿದೆ. ಆ ನಳಿಕೆಯ ಅಳತೆಯ ಸೀಸದ ಉಂಡೆಗಳು ಒಂದು ಪೌಂಡಿಗೆ ಹನ್ನೆರಡು ಬರುತ್ತವೆ, ಬೋರಿನ ಲೆಕ್ಕ ಅಷ್ಟೇ ಎಂದು ತಿಳಿದಾಗ, ಮಂತ್ರ ಎಂದುಕೊಂಡದ್ದು ಮಗ್ಗಿ ಎಂದು ಗೊತ್ತಾದ ಹಾಗಾಯಿತು. ಕೋವಿ ರಿಪೇರಿಯವರು ಅಳೆದು ನೋಡಿ, ಇದರ ತೋಟಾ ಮನೆ 65 ಮಿಲಿಮೀಟರಿನದು, ಈಗಿನ 70ರ ತೋಟಾ ಹಾಕಬೇಡಿ ಎಂದರು. ಉದ್ದದ ತೋಟಾ ಒಳಗೆ ಹೋಗುತ್ತದಂತೆ, ಅಪಾಯ ಇರುವುದೇ ಅಲ್ಲಿ: ಸಿಡಿದಾಗ ಅದರ ಮುಚ್ಚಿದ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಅಪ್ಪ ಇದನ್ನು ಯಾರಿಗೂ ಹೇಳಿರಲಿಲ್ಲ. ಅವರಿಗೆ ಗೊತ್ತಿತ್ತು, ಅಷ್ಟು ಸಾಕಾಗಿತ್ತು.

ಭಯ ಹೋಗಿ ಸಲಿಗೆ ಬಂತು. ಜೇಡಿಮಣ್ಣಿನ ತಟ್ಟೆ ಹಾರಿಸಿ ಹೊಡೆಯುವುದನ್ನು ಕಲಿತೆ, ಇಪ್ಪತ್ತೈದಕ್ಕೆ ಹದಿನೇಳು ಒಡೆದ ದಿನ ಯಾರಿಗೂ ಹೇಳದೆ ಒಳಗೊಳಗೇ ಬೀಗಿದೆ.

ಆಮೇಲೆ ನನ್ನ ತಮ್ಮ ಒಂದು ವರ್ಷ ನಮ್ಮಲ್ಲಿ ಇದ್ದ. ಊಟ ಬಿಟ್ಟಿದ್ದ, ನಿದ್ದೆ ಬಿಟ್ಟಿದ್ದ. ವೈದ್ಯರು ಔಷಧದ ಜೊತೆ ಕೇಳಿದ ಮೊದಲ ಪ್ರಶ್ನೆ, ಮನೆಯಲ್ಲಿ ಬಂದೂಕು ಇದೆಯೇ ಎಂದು. ಬೀಗ ಇದೆ, ತೋಟಾ ಬೇರೆ ಕೋಣೆಯಲ್ಲಿದೆ ಎಂದೆ. ಬೀಗದ ಕೈ ಎಲ್ಲಿದೆಯೆಂದು ಅವನಿಗೆ ಗೊತ್ತೇ ಎಂದರು. ಗೊತ್ತಿತ್ತು. ಚಿಕ್ಕಂದಿನಲ್ಲಿ ಅಪ್ಪ ಅದನ್ನು ಇಡುತ್ತಿದ್ದ ಜಾಗವನ್ನು ನಾವಿಬ್ಬರೂ ಸೇರಿಯೇ ಕಂಡುಹಿಡಿದಿದ್ದೆವು, ನಾನೂ ಅಲ್ಲೇ ಇಡುತ್ತಿದ್ದೆ. ಅದೇ ಸಂಜೆ ಕೋವಿಯನ್ನು ಕಾನೂನು ಒಪ್ಪುವ ರೀತಿಯಲ್ಲಿ ಮನೆಯಿಂದ ಹೊರಗೆ ಕಳುಹಿಸಿದೆ. ಹದಿನಾಲ್ಕು ತಿಂಗಳು ಅದು ಹೊರಗೇ ಇತ್ತು. ತಮ್ಮ ಈಗ ಚೆನ್ನಾಗಿದ್ದಾನೆ. ಅವನೇ ಒಂದು ದಿನ, ಅಕ್ಕ, ಅದು ಎಲ್ಲಿ ಹೋಯಿತು ಎಂದು ಆವತ್ತೇ ಗೊತ್ತಾಗಿತ್ತು, ನೆಮ್ಮದಿಯಾಯಿತು ಎಂದ.

ಕೋವಿ ಮರಳಿ ಬಂದಿದೆ. ಆದರೆ ಅದು ಇಲ್ಲಿರುವುದು ಅಭ್ಯಾಸವಲ್ಲ, ಪ್ರತಿ ವರ್ಷ ನಾನು ಮಾಡುವ ತೀರ್ಮಾನ. ಯಾವುದು ಇಷ್ಟ ಎಂದು ನೀವೆಲ್ಲ ಮಾತಾಡುತ್ತಿದ್ದೀರಿ. ಮನೆಯಲ್ಲಿ ಯಾರು ಹೇಗಿದ್ದಾರೆ ಎಂದು ನೋಡಿ ಆಯ್ಕೆ ಬದಲಾಯಿಸಿದವರು ಬೇರೆ ಯಾರೂ ಇಲ್ಲವೇ?

ಉತ್ತರ: ಹತ್ತು ಮೀಟರ್

ಮೇಲಿನದರ ನಂತರ ನನ್ನ ಮಾತು ಹಗುರ. ಯಜಮಾನರೇ, ನೀವು ಇನ್ನೂ ಇಳಿಯುವುದು ಬಾಕಿ ಇದೆ. ನನ್ನದು ಗಾಳಿ ರೈಫಲ್. 4.5 ಮಿಲಿಮೀಟರಿನ ಗುಂಡು, ಹತ್ತು ಮೀಟರ್ ದೂರ, ನಡುವಿನ ಚುಕ್ಕೆ ಅರ್ಧ ಮಿಲಿಮೀಟರ್. ಅರವತ್ತು ಗುಂಡು ಹೊಡೆದು ಎದ್ದರೆ ಭುಜ ನೋಯುವುದಿಲ್ಲ, ಅಹಂಕಾರ ನೋಯುತ್ತದೆ. ದೊಡ್ಡ ಬಂದೂಕಿನವರು ಬಂದು ಒಮ್ಮೆ ನಗುತ್ತಾರೆ, ಹತ್ತು ಗುಂಡು ಹೊಡೆದು ತಮ್ಮ ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಳ್ಳುತ್ತಾರೆ.

ಮರುಮಾತು: ಏಳರ ಯಜಮಾನ

ಜೋಡುನಳಿಗೆಯವರೇ, ನಿಮ್ಮ ಬರಹ ಓದಿ ಎದ್ದು ಹೋಗಿ ನನ್ನ ಬೀಗದ ಕೈ ಇರುವ ಜಾಗ ನೋಡಿದೆ. ದೇವರ ಪಟದ ಹಿಂದೆ. ಇಪ್ಪತ್ತೇಳು ವರ್ಷದಿಂದ ಅಲ್ಲೇ. ಹೆಂಡತಿಯನ್ನು ಕೇಳಿದೆ, ಗೊತ್ತು ಎಂದಳು. ಮಗಳಿಗೆ ಫೋನ್ ಮಾಡಿದೆ, ಅವಳಿಗೂ ಗೊತ್ತು. ಐದನೆಯ ತರಗತಿಯಿಂದ ಗೊತ್ತಂತೆ. ಮನೆಯಲ್ಲಿ ಆ ಗುಟ್ಟನ್ನು ಕಾಪಾಡಿಕೊಂಡು ಬಂದವನು ನಾನೊಬ್ಬನೇ. ನಿನ್ನೆ ಸಂಖ್ಯೆಯ ಬೀಗ ಹಾಕಿಸಿದೆ.

.300 ಹೋಗುತ್ತದೆ. ಕಾಗದಪತ್ರ ಶುರುವಾಗಿದೆ. ಕೊಳ್ಳುವವನಿಗೆ 28 ವರ್ಷ. ಒದೆತದ ಬಗ್ಗೆ ಎಲ್ಲ ಹೇಳಿದೆ, ಹುಬ್ಬು ತೋರಿಸಿದೆ. ಅವನು ನನ್ನ ಹುಬ್ಬನ್ನು ಎಷ್ಟು ಆಸೆಯಿಂದ ನೋಡಿದನೆಂದರೆ, ಮುಂದೆ ಮಾತಾಡಿ ಫಲವಿಲ್ಲ ಎಂದು ಸುಮ್ಮನಾದೆ. ಸ್ಕೋಪ್ ಮಾತ್ರ ಕೊಟ್ಟಿಲ್ಲ. ಅದನ್ನು ಬಿಚ್ಚಿ .22ರ ಮೇಲೆ ಕೂರಿಸಿದ್ದೇನೆ. ಮೊಲದ ಕೊರಳಿಗೆ ಆನೆಯ ಗಂಟೆ ಕಟ್ಟಿದ ಹಾಗೆ ಕಾಣುತ್ತದೆ.

ಉತ್ತರ: ಎಡಗಿವಿ

ಕಾಣುವುದಷ್ಟೇ ಅಲ್ಲ, ಸರಿಯಾಗಿ ಕೆಲಸವೂ ಮಾಡುವುದಿಲ್ಲ. ದೊಡ್ಡ ರೈಫಲ್‌ನ ಸ್ಕೋಪಿನ ಗಾಜುಗಳನ್ನು ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರುತ್ತಾರೆ, .22ಕ್ಕೆಂದು ಮಾಡಿದ್ದನ್ನು 50ಕ್ಕೆ. ನೀವು .22ರಿಂದ ಇಪ್ಪತ್ತು ಗಜದಲ್ಲಿ ಹೊಡೆಯುವಾಗ ಕಣ್ಣು ತುಸು ಆಚೀಚೆಯಾದರೂ ಸ್ಕೋಪಿನೊಳಗಿನ ಗೆರೆ ಗುರಿಯ ಮೇಲೆ ಜಾರುತ್ತದೆ. ಆ ಹುಡುಗನಿಗೇ ಕೊಟ್ಟುಬಿಡಿ. ಹುಬ್ಬಿಗೆ ಬೇಕಾಗುತ್ತದೆ.