ರಾತ್ರಿ ಹನ್ನೆರಡಾದ್ರೂ ಗೇಟಿನ ಮುಂದೆ ಗಲಾಟೆ, ಏನು ಮಾಡೋದು?

ನಿದ್ದೆಗೆಟ್ಟವನು: ನಮ್ಮದು ಬೆಂಗಳೂರು, ವಿಜಯನಗರದ ಒಂದು ಕ್ರಾಸು. ಎರಡು ತಿಂಗಳಿಂದ ರಾತ್ರಿ ಹನ್ನೊಂದಾದರೆ ಸಾಕು, ಏಳೆಂಟು ಹುಡುಗರು ನಮ್ಮ ಗೇಟಿನ ಮುಂದೆ ಬೈಕ್ ನಿಲ್ಲಿಸಿಕೊಂಡು ಕುಡಿಯುತ್ತಾರೆ, ಜೋರಾಗಿ ಹಾಡು ಹಾಕುತ್ತಾರೆ, ಹೋಗುವಾಗ ಬೈಕನ್ನು ಸುಮ್ನೆ ರೇಸ್ ಮಾಡಿ ಕಿವಿ ಹರಿಯುತ್ತಾರೆ. ಬೆಳಿಗ್ಗೆ ಅಮ್ಮ ರಂಗೋಲಿ ಹಾಕುವ ಮೊದಲು ಬಾಟಲಿ ಚೂರು ಗುಡಿಸಬೇಕು. ಕೇಳಿದರೆ ‘ರೋಡು ನಿಮ್ಮಪ್ಪಂದಾ?’ ಅಂದರು.

ಮೂರನೇ ಮಹಡಿ: ಒಬ್ಬರೇ ಕೆಳಗಿಳಿದು ಹೋಗಬೇಡಿ ಸಾರ್. ಕುಡಿದವರ ಹತ್ತಿರ ಏನು ನ್ಯಾಯ? 112ಕ್ಕೆ ಫೋನ್ ಮಾಡಿ, ಪೊಲೀಸರ ಗಸ್ತು ಗಾಡಿ ‘ಹೊಯ್ಸಳ’ ಕಳಿಸುತ್ತಾರೆ. ಗಲಾಟೆ ನಡೆಯುತ್ತಿರುವಾಗಲೇ ಮಾಡಬೇಕು, ಬೆಳಿಗ್ಗೆ ಅಲ್ಲ.

ಹಳೇ ಬಾಡಿಗೆದಾರ: 2000ರ ಶಬ್ದ ಮಾಲಿನ್ಯ ನಿಯಮದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿ ಪ್ರದೇಶಕ್ಕೆ 45 ಡೆಸಿಬಲ್ ಮಿತಿ ಇದೆ. ನಾಲ್ಕು ಮನೆಯವರ ಸಹಿ ಹಾಕಿಸಿ ಠಾಣೆಗೆ ಬರೆದು ಕೊಡಿ, ದಿನಾಂಕ, ಬೈಕ್ ನಂಬರ್ ಎಲ್ಲಾ ಇರಲಿ. ಸ್ವೀಕೃತಿ ತಗೊಳ್ಳೋದು ಮರೀಬೇಡಿ.

ಕತ್ತಲ ಕ್ರಾಸು: ನಮ್ಮಲ್ಲಿ ಬೀದಿದೀಪ ರಿಪೇರಿ ಆದ ಮೇಲೆ ತಾವೇ ಜಾಗ ಬಿಟ್ಟರು. ಪಕ್ಕದ ಕ್ರಾಸಿಗೆ ಹೋದರು ಅನ್ನಿ, ಅದು ಬೇರೆ ಕಥೆ.

ನಿದ್ದೆಗೆಟ್ಟವನು: ಅಯ್ಯೋ, ನಮ್ಮ ಕಂಬದ ದೀಪ ಕೆಟ್ಟು ಮೂರು ತಿಂಗಳಾಯ್ತು!