ಹೊಸಗದ್ದೆ ಮನೆ ಗುಂಪು: ಸ್ವಾಮಿ ಎಂತ ಪಾಠ ಕಲಿಸಿದ?

ಪ್ರಕಾಶ: (ಫಾರ್ವರ್ಡ್) ಮಾಲ್ಗುಡಿ ಡೇಸ್ ನಮಗೆ ಕಲಿಸಿದ ಜೀವನ ಪಾಠಗಳು! ಬಡತನದಲ್ಲೂ ನೆಮ್ಮದಿಯಾಗಿರುವುದು. ತಂದೆಯ ಮಾತು ಮೀರದಿರುವುದು. ಗುರುಗಳಿಗೆ ತಲೆಬಾಗುವುದು. ಇಂದಿನ ಧಾರಾವಾಹಿ ನೋಡುವ ಹೆಂಗಸರು ಕಲಿಯುವುದು ಮನೆ ಮುರಿಯುವುದನ್ನು ಮಾತ್ರ. ನಿಜ ಅನಿಸಿದರೆ ಹತ್ತು ಗುಂಪಿಗೆ ಕಳಿಸಿ.

ಪ್ರಕಾಶ: ಎಷ್ಟು ಚೆನ್ನಾಗಿ ಬರ್ದಿದಾರೆ ನೋಡಿ. ಮಕ್ಕಳೂ ಓದ್ಬೇಕು ಇದ್ನ.

ನಾಗರತ್ನ: ಆ ಕಾಲವೇ ಬೇರೆ. ಆ ಧಾರಾವಾಹಿ ಮಾಡಿದ ಶಂಕರ್‌ನಾಗ್ ಇದ್ದಿದ್ರೆ ಇನ್ನೂ ಎಂತೆಂತ ಮಾಡ್ತಿದ್ರೋ. 35 ವರ್ಷಕ್ಕೇ ಹೋಗ್ಬಿಟ್ರು.

ಸುಮಿತ್ರ: ಪ್ರಕಾಶ, ಇದ್ನ ಪೂರ್ತಿ ಓದಿ ಕಳ್ಸಿದ್ಯನಾ?

ಪ್ರಕಾಶ: ಓದ್ದೆ ಅಕ್ಕ. ಎಂತಕ್ಕೆ?

ಸುಮಿತ್ರ: ಕೊನೇ ಸಾಲು ಓದಿದ್ಯಾ ಅಂತ ಕೇಳ್ದೆ. ಧಾರಾವಾಹಿ ನೋಡೋ ಹೆಂಗಸರು ಈ ಗುಂಪಲ್ಲಿ ಯಾರ್‍ಯಾರು ಇದ್ದೀವಿ ಅಂತ ನಿಂಗೊತ್ತು. ಯಾರ ಮನೆ ಮುರ್ದಿದೀನಿ ಹೇಳು ನಾನು.

ಪ್ರಕಾಶ: ಅಯ್ಯೋ ನಿಂಗೆ ಹೇಳಿದ್ದಲ್ಲ ಮಾರಾಯ್ತಿ. ಒಟ್ಟಾರೆ ಮಾತು ಅದು.

ಸುಮಿತ್ರ: ಒಟ್ಟಾರೆ ಅಂದ್ರೆ ಅದ್ರಲ್ಲಿ ನಾನೂ ಬಂದೆ, ನಾಗೂನೂ ಬಂದ್ಲು, ಅಮ್ಮ ಇದ್ದಿದ್ರೆ ಅವ್ಳೂ ಬರ್ತಿದ್ಲು.

ಗುರುರಾಜ: ಅಕ್ಕಾರ, ಸಿಟ್ಟ್ ಮಾಡ್ಕೋಬ್ಯಾಡ್ರಿ. ಆದ್ರ ಪ್ರಕಾಶ ಹೇಳಿದ್ರಾಗ ಸ್ವಲ್ಪ ಖರೆ ಐತಿ. ಮಾಲ್ಗುಡಿ 39 ಕಂತು. ಒಂದು ಕಥಿ ಒಂದು ಕಂತಿನಾಗ, ಭಾಳ ಆದ್ರ ಎರಡು-ಮೂರ್ರಾಗ ಮುಗೀತಿತ್ತು. ಆ ಶಾಲಿ ಹುಡುಗ ಸ್ವಾಮಿ ಕಥಿ, ಮಿಠಾಯಿ ಮಾರಾವನ ಕಥಿ ಅಷ್ಟ ಉದ್ದ. ಈಗಿನವು ಸೋಮವಾರದಿಂದ ಶುಕ್ರವಾರ, ವರ್ಷಾನುಗಟ್ಟಲೆ. ಗುರುವಾರ ಟಿಆರ್‌ಪಿ ಬರ್ತೈತಿ, ಅದನ್ನ ನೋಡಿ ಕಥಿ ತಿರುವ್ತಾರ. ಮದಿವಿ ಅಂದ್ರ ಎರಡು ವಾರ ಮದಿವೀನ.

ಸುಮಿತ್ರ: ಎಳೀತಾರೆ ಅನ್ನೋದು ನಿಜ ಗುರುರಾಜ್ರೇ. ಅದ್ರ ಬಗ್ಗೆ ನಂಗೂ ಸಿಟ್ಟಿದೆ. ಆದ್ರೆ ಪ್ರಕಾಶ ಕಳ್ಸಿದ್ದು ಅದಲ್ವಲ್ಲ. ನೋಡೋರ ಬುದ್ಧಿ ಕೆಡುತ್ತೆ ಅಂತ ಬರ್ದಿದಾರೆ.

ಮೇಘನಾ: ಅತ್ತೆ ಕೊನೇ ಸಾಲು ಹಿಡ್ಕೊಂಡ್ರು. ನಂಗೆ ಮೊದಲನೇ ಸಾಲೇ ಸರಿ ಕಾಣ್ಲಿಲ್ಲ. ಚಿಕ್ಕಪ್ಪ, ಸ್ವಾಮಿ ಮನೇಲಿ ಬಡತನ ಎಲ್ಲಿತ್ತು? ಅವನಪ್ಪ ವಕೀಲರು.

ಪ್ರಕಾಶ: ಸರಿ, ಬಡತನ ಬಿಡು. ಶಿಸ್ತು ಇತ್ತಲ್ಲ.

ಮೇಘನಾ: ಗುರುಗಳಿಗೆ ತಲೆಬಾಗಿದ್ದು ಯಾವಾಗ? ಮಿಷನ್ ಸ್ಕೂಲಲ್ಲಿ ಕೃಷ್ಣನ್ನ ಹೀಗಳೆದ ಮೇಷ್ಟ್ರಿಗೆ ಎದುರು ಪ್ರಶ್ನೆ ಹಾಕ್ತಾನೆ. ಚಳವಳಿ ದಿನ ಟೋಪಿ ಬೆಂಕಿಗೆ ಹಾಕ್ತಾನೆ, ಶಾಲೆ ಕಿಟಕಿ ಗಾಜು ಒಡೀತಾನೆ. ಇನ್ನೊಂದು ಶಾಲೆಗೆ ಸೇರಿಸಿದ್ರೆ ಅಲ್ಲಿಂದ್ಲೂ ಓಡಿಹೋಗಿ ಕಾಡಲ್ಲಿ ದಾರಿ ತಪ್ಪಿಸ್ಕೊಳ್ತಾನೆ. ಈ ಫಾರ್ವರ್ಡ್ ಬರ್ದೋರು ಧಾರಾವಾಹಿ ನೋಡೇ ಇಲ್ಲ.

ಆದಿತ್ಯ: ಮೇಘಕ್ಕ, ನಾನು ಯೂಟ್ಯೂಬಲ್ಲಿ ಒಂದೆರಡು ನೋಡಿದೀನಿ. ಹಿಂದೀಲಿತ್ತು. ಕನ್ನಡದ್ದಲ್ವಾ ಅದು?

ನಾಗರತ್ನ: ದೂರದರ್ಶನಕ್ಕೆ ಹಿಂದೀಲಿ ಮಾಡಿದ್ದು ಆದಿ. 1986ರಲ್ಲಿ ನಮ್ಮೂರಲ್ಲಿ ಯಾರಿಗೆ ಹಿಂದಿ ಬರ್ತಿತ್ತು? ಭಟ್ರ ಮನೆ ಜಗುಲೀಲಿ ಕೂತ್ಕಂಡು ಒಂದಕ್ಷರ ತಿಳೀದೇ ನೋಡಿದೀವಿ. ಆದ್ರೂ ಎಲ್ಲ ಗೊತ್ತಾಗ್ತಿತ್ತು. ಆಗುಂಬೆ ಪೇಟೆ, ಆ ಮಳೆ, ದೊಡ್ಡಮನೆ ಕಂಬ ಎಲ್ಲ ನಮ್ಮದೇ. ಸ್ವಾಮಿಯ ಅಪ್ಪ ಗಿರೀಶ್ ಕಾರ್ನಾಡ್, ಅಮ್ಮ ವೈಶಾಲಿ ಕಾಸರವಳ್ಳಿ. ಇನ್ನೆಂತ ಭಾಷೆ ಬೇಕು?

ಗುರುರಾಜ: ಎಲ್. ವೈದ್ಯನಾಥನ್ ಅವರ ಆ ಶುರುವಿನ ಸಂಗೀತ ಬಂತಂದ್ರ ನಮ್ಮ ಓಣ್ಯಾಗಿನ ಹುಡುಗ್ರೆಲ್ಲ ಆಟ ಬಿಟ್ಟು ಓಡಿ ಬರ್ತಿದ್ವಿ.

ಮೇಘನಾ: ಮಾವಿನಹಣ್ಣಿನ ಲೆಕ್ಕದ ಕಥೆ ನೆನಪಿದೆಯಾ? ನಾನು ಏಳನೇ ಕ್ಲಾಸಿಗೆ ಗಣಿತ ಪಾಠ ಮಾಡುವಾಗ ಪ್ರತಿ ವರ್ಷ ಹೇಳ್ತೀನಿ. ಅಪ್ಪ ಲೆಕ್ಕ ಕೊಡ್ತಾರೆ. ರಾಮನ ಹತ್ರ 10 ಮಾವಿನಹಣ್ಣು, ಅದಕ್ಕೆ 15 ಆಣೆ ಬರ್ಬೇಕು. ಕೃಷ್ಣನಿಗೆ ಬರೀ 4 ಸಾಕು. ಅವನೆಷ್ಟು ಕೊಡ್ಬೇಕು? 6 ಆಣೆ, ನಮ್ಮ ಮಕ್ಳು ಕೂಡ್ಲೇ ಹೇಳ್ತಾರೆ. ಸ್ವಾಮಿಗೆ ಕೂಡ್ಲೇ ಬರಲ್ಲ. ಅವ್ನ ತಲೆ ತುಂಬಾ ಆ ಹಣ್ಣು ಮಾಗಿದ್ಯೋ ಕಾಯೋ ಅನ್ನೋದೇ. ಕಾಯಿ ಆಗಿದ್ರೆ ಯಾರು ಅಷ್ಟು ಕೊಡ್ತಾರೆ ಹೇಳಿ! ಅಪ್ಪನ್ನೇ ಕೇಳ್ತಾನೆ. ಅಪ್ಪ ನಗು ತಡ್ಕೊಳ್ತಾರೆ, ಆಮೇಲೆ ಕಿವೀನೂ ಹಿಂಡ್ತಾರೆ. ಈ ಕಥೆ ಹೇಳಿದ ದಿನ ಕ್ಲಾಸಲ್ಲಿ ಹಿಂದಿನ ಬೆಂಚಿನ ಮಕ್ಳೂ ಕೈ ಎತ್ತಿ ಮಾತಾಡ್ತಾರೆ. ಅಂಗಡಿಗೆ ಹೋಗಿ ಹಣ್ಣು ಒತ್ತಿ ನೋಡಿ ತರೋ ಮಕ್ಳು ಅವು, ಸ್ವಾಮಿ ಕೇಳಿದ್ದು ಸರಿ ಅಂತ ಗೊತ್ತು ಅವಕ್ಕೆ. ಇದ್ನ ತಂದೆಯ ಮಾತು ಮೀರಬೇಡ ಅಂತ ಒಂದು ಸಾಲಿಗೆ ಇಳಿಸಿದ್ರೆ ಎಂತ ಉಳೀತು ಚಿಕ್ಕಪ್ಪ?

ಪ್ರಕಾಶ: ನೀನು ಮೇಷ್ಟ್ರು, ನಿಂಗೆ ಹಾಗೆ ಕಾಣುತ್ತೆ. ಆದ್ರೂ ಒಳ್ಳೇದು ಕಲಿಸ್ತಿತ್ತು ಅನ್ನೋದು ಸುಳ್ಳಾ?

ಮೇಘನಾ: ವಿಷ್ಣುವರ್ಧನ್ ಮಾಡಿದ ಕಂತು ತಗೊಳ್ಳಿ. ಗುಮಾಸ್ತ. ಮಗಳಿಗೆ ಇವತ್ತು ಸಿನಿಮಾಕ್ಕೆ ಕರ್ಕೊಂಡು ಹೋಗ್ತೀನಿ ಅಂತ ಮಾತು ಕೊಟ್ಟಿರ್ತಾನೆ. ಆಫೀಸು ಬಿಡಲ್ಲ. ರಾಜೀನಾಮೆ ಕೊಡ್ತೀನಿ ಅಂತ ಹೊರಡ್ತಾನೆ, ಸಂಬಳ ಐದು ರೂಪಾಯಿ ಜಾಸ್ತಿ ಮಾಡಿ 45 ಮಾಡ್ತಾರೆ ಅಂದ ತಕ್ಷಣ ಸುಮ್ಮನಾಗ್ತಾನೆ. ಮನೆಗೆ ಬಂದ್ರೆ ಮಗು ಹೊಸ ಬಟ್ಟೆ ಹಾಕ್ಕೊಂಡೇ ನಿದ್ದೆ ಹೋಗಿದೆ. ಇಲ್ಲಿ ಯಾರು ಒಳ್ಳೆಯವರು, ಯಾರು ಕೆಟ್ಟವರು? ಪಾಠ ಎಂತ?

ಪ್ರಕಾಶ: ಅದು ನನ್ ಕೈಲಿ ಇವತ್ತಿಗೂ ಪೂರ್ತಿ ನೋಡಕ್ಕಾಗಲ್ಲ.

ಸುಮಿತ್ರ: ಅದೇ ನಾನು ಹೇಳದು. ನಿಂಗೆ ಆ ಗುಮಾಸ್ತನ್ನ ನೋಡಿ ಕರುಳು ಚುರ್ ಅನ್ನುತ್ತೆ. ನಂಗೆ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯ ಪುಟ್ಟಕ್ಕನ್ನ ನೋಡಿ ಹಾಗಾಗುತ್ತೆ. ಹೆಣ್ಣು ಹೆತ್ಲು ಅಂತ ಗಂಡ ಬಿಟ್ಟುಹೋದ. ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನ ದೊಡ್ಡದು ಮಾಡಿದ್ಲು. ಉಮಾಶ್ರೀ ಮಾತಾಡದೇ ಬರೀ ಸೆರಗಲ್ಲಿ ಕೈ ಒರೆಸ್ಕೊಂಡ್ರೂ ಸಾಕು, ಎಷ್ಟು ವರ್ಷ ಒಲೆ ಮುಂದೆ ನಿಂತಿದಾಳೆ ಅಂತ ಗೊತ್ತಾಗುತ್ತೆ. ಅಂಥ ಹೆಂಗಸರು ನಮ್ಮೂರಲ್ಲಿ ಇಲ್ವಾ? ಸಂತೆಬೀದಿ ಹೋಟ್ಲಲ್ಲಿ ಎಷ್ಟು ಸಲ ಊಟ ಮಾಡಿದ್ಯ ನೀನು. ಆ ಹೆಂಗಸಿನ ಹೆಸರು ಗೊತ್ತಾ ನಿಂಗೆ?

ಪ್ರಕಾಶ: ಅದೆಲ್ಲ ಒಪ್ದೆ. ಆದ್ರೆ ಅದೇ ಧಾರಾವಾಹೀಲಿ ಸವತಿ ಕಿತಾಪತಿ, ವಿಷ, ಅಪಹರಣ ಎಲ್ಲ ಇದೆ ತಾನೆ?

ಸುಮಿತ್ರ: ಇದೆ. ಅದು ಬಂದಾಗ ನಾನು ಎದ್ದು ದನದ ಕೊಟ್ಟಿಗೆಗೆ ಹೋಗ್ತೀನಿ. ಮಗಳು ಸ್ನೇಹಾನ್ನ ಕಥೆಯಲ್ಲಿ ಸಾಯಿಸಿದಾಗ ಎಷ್ಟೋ ದಿನ ಟಿವಿ ಹಾಕ್ಲಿಲ್ಲ. ಆ ತಾಯಿ ಅಷ್ಟು ಕಷ್ಟಪಟ್ಟು ಓದಿಸಿದ ಮಗಳು, ಡಿಸಿ ಆದ ಮಗಳು. ಯಾರೋ ಅನುಕೂಲ ನೋಡ್ಕೊಂಡು ತೆಗೆದುಹಾಕಿದ್ರು. ಅದು ತಪ್ಪು ಅಂತ ನಂಗೆ ಗೊತ್ತು. ಯಾವುದು ಚೊಲೋ, ಯಾವುದು ಹೊಲಸು ಅಂತ ತಿಳಿಯಲ್ಲ ಅನ್ಕೊಂಡಿದೀಯ ನಂಗೆ?

ನಾಗರತ್ನ: ಅಕ್ಕ ಹೇಳಿದ್ದು ಸರಿ. ಟಿ. ಎನ್. ಸೀತಾರಾಂ ಅವರ ಮಾಯಾಮೃಗ ಚಂದನದಲ್ಲಿ 1998ರಲ್ಲಿ ಬರ್ತಿತ್ತಲ್ಲ, ಅದೂ ದಿನಾ ಬರ್ತಿದ್ದದ್ದೇ. ಅದು ಮುಗಿಯೋತನಕ ಅಡುಗೆಮನೆ ಕಡೆ ಹೋಗ್ತಿರ್ಲಿಲ್ಲ ನಾವು. ಆಗ ಯಾರೂ ಹೆಂಗಸರು ಹಾಳಾದ್ರು ಅನ್ಲಿಲ್ಲ, ಯಾಕಂದ್ರೆ ಗಂಡಸರೂ ಕೂತು ನೋಡ್ತಿದ್ರು.

ಗುರುರಾಜ: ಏನ್ ಮಾತಾಡಿದಿ! ನಾ ಬ್ಯಾಂಕಿನಿಂದ ಬಂದು ಅಂಗಿ ಬದಲಿ ಮಾಡ್ದ ಕುಂದರ್ತಿದ್ದೆ.

ಸುಮಿತ್ರ: ಸೀತಾರಾಂ ಅವರ ಮುಕ್ತದಲ್ಲಿ ಕೋರ್ಟು ಬರ್ತಿತ್ತು. ವಕೀಲರು ಒಂದೊಂದೇ ಪ್ರಶ್ನೆ ಕೇಳ್ತಾ ಸತ್ಯ ಹೊರಗೆ ತೆಗೀತಿದ್ರು. ನಮ್ಮನೆಯವ್ರು ಹೋದ್ಮೇಲೆ ತೋಟದ ಖಾತೆ ಬದಲಾವಣೆಗೆ ನಾನೊಬ್ಳೇ ತಾಲ್ಲೂಕು ಕಚೇರಿಗೆ ಹೋದದ್ದು ನಿಮಗೆಲ್ಲ ನೆನಪಿರ್ಬೇಕು. ನಾಳೆ ಬಾ ಅಂದ್ರೆ, ಯಾವ ಕಾಗದ ಕಡಿಮೆ ಇದೆ, ಬರೆದು ಕೊಡಿ ಅಂತ ಕೇಳ್ದೆ. ಹಾಗೆ ಕೇಳ್ಬಹುದು ಅಂತ ನಂಗೆ ಯಾರು ಹೇಳ್ಕೊಟ್ಟಿದ್ರು? ಯಾರೂ ಇಲ್ಲ. ಟಿವೀಲಿ ಹೆಂಗಸರು ಕಟಕಟೇಲಿ ನಿಂತು ಮಾತಾಡದು ನೋಡಿದ್ದೆ. ಅಷ್ಟೇ.

ಆದಿತ್ಯ: ದೊಡ್ಡಮ್ಮ, ಇದು ನಂಗೆ ಗೊತ್ತೇ ಇರ್ಲಿಲ್ಲ.

ಮೇಘನಾ: ಅತ್ತೆ, ಇದ್ನ ನಮ್ಮ ಶಾಲೇಲಿ ಹೇಳ್ಬಹುದಾ? ಹೆಸರು ಹೇಳಲ್ಲ.

ಸುಮಿತ್ರ: ಹೇಳು. ಹೆಸರೂ ಹೇಳು.

ಪ್ರಕಾಶ: ಅಕ್ಕ, ಆ ಕೊನೇ ಸಾಲು ತೆಗೆದು ಮತ್ತೆ ಹಾಕ್ತೀನಿ. ಸಾಕಾ?

ಮೇಘನಾ: ಕೊನೇದು ತೆಗೆದ್ರೆ ಉಳಿಯೋದು ಮೂರು ಸುಳ್ಳು ಚಿಕ್ಕಪ್ಪ. ಅದರ ಬದ್ಲು ಒಂದು ಕಂತಿನ ಲಿಂಕ್ ಹಾಕಿ. ಆದಿ ಥರದವ್ರು ನೋಡ್ಲಿ, ಅವ್ರಿಗೆ ಕಂಡದ್ದು ಅವ್ರೇ ಹೇಳ್ಲಿ.

ಪ್ರಕಾಶ: ಈ ಸಂದೇಶವನ್ನು ಅಳಿಸಲಾಗಿದೆ

ಪ್ರಕಾಶ: ಅಳಿಸ್ದೆ. ಆದ್ರೆ ಒಂದು ಮಾತಲ್ಲಿ ನಾನು ಹಿಂದೆ ಸರಿಯಲ್ಲ. 39 ಕಂತಲ್ಲಿ ಒಂದು ಊರನ್ನೇ ತೋರಿಸ್ಬಹುದು ಅಂದ್ರೆ ಸಾವಿರ ಕಂತು ಎಂತಕ್ಕೆ? ಅಕ್ಕನ ಪುಟ್ಟಕ್ಕನ್ನೂ 40 ಕಂತಲ್ಲಿ ಮುಗಿಸಿದ್ರೆ ಆ ಮಗಳು ಸಾಯ್ತಾನೇ ಇರ್ಲಿಲ್ಲ.

ಸುಮಿತ್ರ: ಇದು ಮಾತು. ಇದ್ನ ಬರ್ದು ಹತ್ತು ಗುಂಪಿಗೆ ಕಳ್ಸು, ನಾನೂ ಕಳಿಸ್ತೀನಿ.

ಗುರುರಾಜ: ನಾನೂ. ಚಾನೆಲ್‌ನವ್ರಿಗೂ ಒಂದು ಪತ್ರ ಬರಿಯೂಣು.

ಆದಿತ್ಯ: ಮಾವ, ಅರಸಾಳು ಸ್ಟೇಷನ್ ಮಾಲ್ಗುಡಿ ಮ್ಯೂಸಿಯಂ ಆಗಿದೆ ಅಂತಾರಲ್ಲ, ನಿಮ್ಮನೆಯಿಂದ ದೂರನಾ?

ಪ್ರಕಾಶ: ಶಿವಮೊಗ್ಗದಿಂದ ಹೊಸನಗರ ಕಡೆ ಹೋಗುವಾಗ ರಿಪ್ಪನ್‌ಪೇಟೆ ಸಿಗೋ ಮುಂಚೆ. ಧಾರಾವಾಹೀಲಿ ಮಾಲ್ಗುಡಿ ಸ್ಟೇಷನ್ ಅಂತ ತೋರಿಸಿದ್ದೇ ಅದು. 2020ರಲ್ಲಿ ಆ ಹಳೇ ಕಟ್ಟಡಾನ ಮ್ಯೂಸಿಯಂ ಮಾಡಿದ್ರು. ಆಗ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಅದಕ್ಕೂ ಕೆಲಸ ಮಾಡಿದ್ದು. ನೀನು ಬಾ, ಎಲ್ರೂ ಸೇರಿ ಹೋಗಾಣ.

ಮೇಘನಾ: ಈ ತಿಂಗಳ ಕೊನೇ ಭಾನುವಾರ ಆಗ್ಬಹುದು. ಅತ್ತೆ ಬರ್ತೀರಾ?

ಸುಮಿತ್ರ: ಭಾನುವಾರ ಆದ್ರೆ ಬರ್ತೀನಿ. ಬುತ್ತಿ ನಂದು. ಸಂತೆಬೀದಿಯ ಲಕ್ಷ್ಮಮ್ಮನ್ನೂ ಕರ್ಕೊಂಡ್ ಬರ್ತೀನಿ, ಅವ್ಳಿಗೆ ರಜೆ ಅಂತ ಸಿಗೋದು ಅದೊಂದೇ ದಿನ. ಪ್ರಕಾಶ, ಕಾರಲ್ಲಿ ಒಂದು ಸೀಟು ಜಾಸ್ತಿ ಇಡು.