ಓವರ್‌ಕ್ಲಾಕಿಂಗ್ ಮತ್ತು ಬಯಾಸ್ ‘ಲಾಕ್’: ಎಲ್ಲಕ್ಕೂ ‘ಬೀಗ’ ಸರಿಯೇ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಕಂಪ್ಯೂಟರ್ ದುರಸ್ತಿಯ ಕಿರುಪುಸ್ತಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಬ್ರಾಂಡೆಡ್ ಕಂಪ್ಯೂಟರ್‌ಗಳನ್ನು ಓವರ್‌ಕ್ಲಾಕ್ ಮಾಡುವುದು, ಅಂದರೆ ಪ್ರೊಸೆಸರನ್ನು ನಿಗದಿತ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವುದು, ಏಕೆ ಕಷ್ಟ ಎಂದು ವಿವರಿಸುವ ಅಧ್ಯಾಯದಲ್ಲಿ ‘ಲಾಕ್’ ಎಂಬ ಮಾತು ಪುಟಪುಟಕ್ಕೂ ಬರುತ್ತದೆ. ಎಲ್ಲ ಕಡೆಯೂ ‘ಬೀಗ’ ಎಂದು ಬರೆದು ಕೈತೊಳೆದುಕೊಳ್ಳಬಹುದು. ಆದರೆ ಬೀಗವೆಂದೊಡನೆ ಕೀಲಿಕೈ ಎಲ್ಲೋ ಇದೆ, ಹುಡುಕಿದರೆ ಸಿಗುತ್ತದೆ ಎಂದು ಓದುಗರು ತಿಳಿಯುತ್ತಾರೆ. ಇಲ್ಲಿ ಬಹುಪಾಲು ಸಂದರ್ಭಗಳಲ್ಲಿ ಕೀಲಿಕೈಯೇ ಇಲ್ಲ.

‘ಓವರ್‌ಕ್ಲಾಕ್’ ಪದದ ಬಗ್ಗೆ ನನಗೆ ಗೊಂದಲವಿಲ್ಲ. ‘ಅತಿವೇಗಗೊಳಿಸು’ ಎಂದು ಬರೆದು ನೋಡಿದೆ. ನಾಲಿಗೆಗೂ ಭಾರ, ಅರ್ಥವೂ ಸರಿಯಿಲ್ಲ. ವೇಗ ಅತಿಯಾಗಬೇಕಿಲ್ಲ, ತಯಾರಕರು ನಿಗದಿಪಡಿಸಿದ್ದಕ್ಕಿಂತ ಹೆಚ್ಚಾದರೆ ಸಾಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ‘ಬ್ರಾಂಡೆಡ್ ಬೇಕೋ, ಅಸೆಂಬಲ್ಡ್ ಬೇಕೋ’ ಎಂದು ಕೇಳುವ ಅಂಗಡಿಯವರು ಬಳಸುವುದೂ ಓವರ್‌ಕ್ಲಾಕ್ ಎಂಬ ಮಾತನ್ನೇ. ಅದು ಹಾಗೆಯೇ ಇರಲಿ. ಮಲ್ಟಿಪ್ಲೈಯರ್‌ಗೆ ಮಾತ್ರ ಶಾಲೆಯ ಗಣಿತದ ‘ಗುಣಕ’ ಸಿದ್ಧವಾಗಿಯೇ ಇದೆ. ಇಂಟೆಲ್‌ನ ಐ5-2500ಕೆ ಪ್ರೊಸೆಸರ್‌ನಲ್ಲಿ ಮೂಲ ಆವರ್ತನ 100 ಮೆಗಾಹರ್ಟ್ಸ್, ಗುಣಕ 33, ಗುಣಿಸಿದರೆ 3.3 ಗಿಗಾಹರ್ಟ್ಸ್. ಈ ಎರಡರಲ್ಲಿ ಒಂದನ್ನು ಏರಿಸುವುದೇ ಓವರ್‌ಕ್ಲಾಕಿಂಗ್.

ತೊಡಕು ಶುರುವಾಗುವುದು ಇಲ್ಲಿಂದ. ಮೊದಲನೆಯ ‘ಲಾಕ್’ ಪ್ರೊಸೆಸರ್‌ನ ಒಳಗಿನದು. ಇಂಟೆಲ್ ತನ್ನ ಬಹುತೇಕ ಪ್ರೊಸೆಸರ್‌ಗಳ ಗುಣಕವನ್ನು ಕಾರ್ಖಾನೆಯಲ್ಲೇ ಕಟ್ಟಿಹಾಕುತ್ತದೆ. ಮೇಜಿನ ಕಂಪ್ಯೂಟರ್‌ಗಳಿಗೆ ಬರುವವುಗಳಲ್ಲಿ ಹೆಸರಿನ ಕೊನೆಗೆ ‘ಕೆ’ ಇದ್ದರೆ ಗುಣಕವನ್ನು ಕಟ್ಟದೆ ಬಿಟ್ಟಿದ್ದಾರೆ ಎಂದರ್ಥ. ‘ಸ್ಥಿರ ಗುಣಕ’ ಎನ್ನೋಣವೆಂದರೆ ಅದೂ ತಪ್ಪು: ಕೆಲಸವಿಲ್ಲದಾಗ ಗುಣಕ ತಾನಾಗಿ ಕೆಳಗಿಳಿಯುತ್ತದೆ, ಮೇಲಕ್ಕೆ ಹೋಗಲು ಮಾತ್ರ ತಡೆ. ಹಾಗಾಗಿ ‘ಮಿತಿ ಕಟ್ಟಿದ ಗುಣಕ’ ಎಂದು ಬರೆದಿದ್ದೇನೆ. ಗುಣಕ ಕಟ್ಟಿದ ಮಾತ್ರಕ್ಕೆ ಆಟ ಮುಗಿಯಲಿಲ್ಲ ಎಂಬುದಕ್ಕೆ 1998ರ ಸೆಲೆರಾನ್ 300ಎ ಸಾಕ್ಷಿ. ಅದರ ಗುಣಕ 4.5ರಲ್ಲೇ ನಿಂತಿತ್ತು, ಜನ ಬಸ್ ಆವರ್ತನವನ್ನು (ಆ ಕಾಲದ ಪ್ರೊಸೆಸರ್‌ಗಳಲ್ಲಿ ಗುಣಕದಿಂದ ಗುಣಿಸುತ್ತಿದ್ದ ಮೂಲ ಆವರ್ತನ ಇದೇ) 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿ 300ರ ಪ್ರೊಸೆಸರ್‌ನಿಂದ 450 ಪಡೆದರು.

ಎರಡನೆಯ ‘ಲಾಕ್’ ಬ್ರಾಂಡೆಡ್ ಯಂತ್ರದ ಬಯಾಸ್‌ನದು, ಅಂದರೆ ಕಂಪ್ಯೂಟರ್ ಹಚ್ಚಿದೊಡನೆ ಮೊದಲು ಓಡುವ, ಮದರ್‌ಬೋರ್ಡ್‌ನಲ್ಲೇ ಇರುವ ತಂತ್ರಾಂಶದ್ದು. ನನ್ನನ್ನು ಹೆಚ್ಚು ಕಾಡುತ್ತಿರುವುದು ಇದೇ. ಬಿಡಿಯಾಗಿ ಕೊಂಡ ಒಳ್ಳೆಯ ಮದರ್‌ಬೋರ್ಡ್‌ನ ಬಯಾಸ್‌ನಲ್ಲಿ ಗುಣಕ, ಮೂಲ ಆವರ್ತನ, ವೋಲ್ಟೇಜುಗಳಿಗೆಂದೇ ಪುಟಗಳಿರುತ್ತವೆ. ಕಚೇರಿಗೆಂದು ಮಾರುವ ಬ್ರಾಂಡೆಡ್ ಪೆಟ್ಟಿಗೆಯಲ್ಲಿ ದಿನಾಂಕ, ಬೂಟ್ ಕ್ರಮ, ಪಾಸ್‌ವರ್ಡ್ ಮುಂತಾದ ಮನೆವಾರ್ತೆ ಮಾತ್ರ. ಇಲ್ಲಿ ಯಾರೂ ಏನನ್ನೂ ಮುಚ್ಚಿಲ್ಲ. ಆ ಪುಟವನ್ನೇ ಕೊಟ್ಟಿಲ್ಲ. ಕಾರಣಗಳೂ ಇವೆ: ಶಾಖ ಹೊರಹಾಕುವ ಹೀಟ್‌ಸಿಂಕ್, ಪವರ್ ಸಪ್ಲೈ ಎರಡನ್ನೂ ನಿಗದಿತ ವೇಗಕ್ಕೆ ತಕ್ಕಷ್ಟೇ ಅಳೆದು ಹಾಕಿರುತ್ತಾರೆ, ವೋಲ್ಟೇಜ್ ಏರಿಸಿದರೆ ಶಾಖ ಅದರ ವರ್ಗದ ಪ್ರಮಾಣದಲ್ಲಿ ಏರುತ್ತದೆ, ವಾರಂಟಿಯ ತಲೆನೋವು ಕಂಪನಿಗೆ. ಇಂಥ ಬಯಾಸ್‌ಗೆ ‘ಬೀಗ ಹಾಕಿದ’ ಎನ್ನುವುದು ನನಗೆ ಶುದ್ಧ ಸುಳ್ಳಾಗಿ ಕೇಳಿಸುತ್ತದೆ. ‘ಆಯ್ಕೆ ಕೊಡದ ಬಯಾಸ್’ ಎಂದರೆ ಸಪ್ಪೆ, ಆದರೆ ನಿಜ. ಕೆಲವು ಬಯಾಸ್‌ಗಳಲ್ಲಿ ಆಯ್ಕೆ ಒಳಗೆ ಇದ್ದೂ ಪರದೆಯ ಮೇಲೆ ಕಾಣುವುದಿಲ್ಲ. ಅಲ್ಲಿ ‘ಮರೆಮಾಡಿದ’ ಸರಿಹೋಗುತ್ತದೆ.

ಬಯಾಸ್ ಸಹಕರಿಸದಿದ್ದಾಗ ಜನ ಅದನ್ನು ಬದಿಗಿಟ್ಟು ಬೇರೆ ದಾರಿ ಹಿಡಿದ ಬಗೆಯೂ ಪುಸ್ತಕದಲ್ಲಿದೆ. ಇಂಟೆಲ್‌ನ ಕೋರ್ 2 ಕ್ವಾಡ್ ಕ್ಯೂ6600 ಪ್ರೊಸೆಸರ್ ತನ್ನ ಬಸ್ ಆವರ್ತನ 266 ಮೆಗಾಹರ್ಟ್ಸ್ ಎಂದು ಮದರ್‌ಬೋರ್ಡ್‌ಗೆ ತಿಳಿಸುವುದು ಕೆಲವು ಸಂಪರ್ಕ ಬಿಂದುಗಳ ಮೂಲಕ. ತಳದಲ್ಲಿರುವ 775 ಬಿಂದುಗಳ ಪೈಕಿ ಸರಿಯಾದ ಒಂದರ ಮೇಲೆ ಚೂರು ಅಂಟುಪಟ್ಟಿ ಹಚ್ಚಿದರೆ ಬೋರ್ಡ್ ಅದನ್ನು 333 ಎಂದು ಓದಿಕೊಳ್ಳುತ್ತದೆ. ಗುಣಕ 9 ಆದ್ದರಿಂದ 2.4 ಗಿಗಾಹರ್ಟ್ಸ್ 3ಕ್ಕೆ ಏರುತ್ತದೆ. ಬೋರ್ಡ್‌ಗೆ ಆ ಆವರ್ತನ ತಿಳಿದಿರಬೇಕು, ಅಷ್ಟೇ. ಇದನ್ನು ‘ಬೀಗ ಒಡೆಯುವುದು’ ಎಂದು ಹೇಗೆ ಬರೆಯಲಿ? ಒಡೆದದ್ದೇನೂ ಇಲ್ಲ.

ಬೀಗವೆಂಬ ಮಾತಿಗೆ ನಿಜವಾಗಿ ಒಪ್ಪುವುದು ಬಯಾಸ್ ಪಾಸ್‌ವರ್ಡ್ ಒಂದೇ. ಕೀಲಿ ಒಬ್ಬರ ಬಳಿ ಇರುತ್ತದೆ. ಮರೆತರೆ ಎಷ್ಟೋ ಹಳೆಯ ಮೇಜಿನ ಕಂಪ್ಯೂಟರ್‌ಗಳಲ್ಲಿ ಬೋರ್ಡ್ ಮೇಲಿನ ಜಂಪರ್ (ಪಿನ್ನುಗಳನ್ನು ಜೋಡಿಸುವ ಪುಟ್ಟ ಟೋಪಿ) ಸರಿಸಿ ಅಳಿಸಬಹುದು. ಇನ್ನು ತಯಾರಕರ ಡಿಜಿಟಲ್ ಸಹಿ ಇಲ್ಲದ ಬಯಾಸ್ ಕಡತವನ್ನು ಯಂತ್ರ ಒಪ್ಪದಿರುವುದಕ್ಕೂ ಮೂಲದಲ್ಲಿ ‘ಲಾಕ್’ ಎಂದೇ ಇದೆ. ಅಲ್ಲಿಗೆ ‘ಮೊಹರು’ ಹೊಂದುತ್ತದೆ: ‘ಮೊಹರು ಮಾಡಿದ ಬಯಾಸ್’.

ನನ್ನ ಪ್ರಶ್ನೆಗಳು ಇಷ್ಟು. ‘ಮಿತಿ ಕಟ್ಟಿದ ಗುಣಕ’ ಓದುವವರಿಗೆ ತಟ್ಟನೆ ಹೊಳೆಯುತ್ತದೆಯೇ, ಅಥವಾ ‘ಕಟ್ಟುಗುಣಕ’ದಂಥ ಸಮಾಸ ಮಾಡಿದರೆ ಮೇಲೇ? ಆಯ್ಕೆ ಪರದೆಯ ಮೇಲೆ ಬೂದು ಬಣ್ಣದಲ್ಲಿ ಕಂಡರೂ ಒತ್ತಲು ಬಾರದಿದ್ದಾಗ ‘ಮಂಕಾದ ಆಯ್ಕೆ’ ಎನ್ನಬಹುದೇ? ಹುಬ್ಬಳ್ಳಿ, ಮಂಗಳೂರು, ಕಲಬುರಗಿ ಕಡೆ ದುರಸ್ತಿ ಅಂಗಡಿ ನಡೆಸುವವರು ಬಳಗದಲ್ಲಿದ್ದರೆ, ಗಿರಾಕಿಗೆ ಇದನ್ನೆಲ್ಲ ಯಾವ ಮಾತಿನಲ್ಲಿ ಹೇಳುತ್ತೀರಿ ಎಂದು ತಿಳಿಸಿ. ನಿಘಂಟಿನ ಪದಕ್ಕಿಂತ ಅದೇ ನನಗೆ ಹೆಚ್ಚು ಬೇಕಾದದ್ದು.